ಹಳೇ ಡಿಶ್‌ನಲ್ಲಿ ಉಚಿತ ಚಾನೆಲ್: ಚಿತ್ರ ಬರದಿದ್ದರೆ ಎಲ್ಲಿಂದ ಹುಡುಕಬೇಕು?

ದುಡ್ಡು ಕಟ್ಟುವ ಸೇವೆ ನಿಲ್ಲಿಸಿ ವರ್ಷಗಳಾಗಿದ್ದರೂ ತಾರಸಿ ಮೇಲಿನ ಡಿಶ್ ಹಾಗೇ ನಿಂತಿರುತ್ತದೆ. ಬಣ್ಣ ಮಾಸಿರುತ್ತದೆ, ನಟ್ಟುಗಳಿಗೆ ತುಕ್ಕು ಹಿಡಿದಿರುತ್ತದೆ. ಆದರೂ ಅದನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ಯೋಚಿಸಿ. ಡಿಶ್ ಅಂದರೆ ಒಂದು ಬಾಗಿದ ತಗಡು ಅಷ್ಟೆ. ಮೇಲಿಂದ ಬಂದ ಸಿಗ್ನಲ್ ಅನ್ನು ಒಂದು ಬಿಂದುವಿಗೆ ಸೇರಿಸಿ, ಎದುರಿನ ಎಲ್‌ಎನ್‌ಬಿಗೆ, ಅಂದರೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಪುಟ್ಟ ಡಬ್ಬಿಗೆ, ಕೊಡುವುದು ಅದರ ಕೆಲಸ. ಸ್ಟಿಕ್ಕರ್ ಯಾವ ಕಂಪನಿಯದಾದರೂ ತಗಡಿನ ಕೆಲಸ ಅದೇ.

ಉಚಿತ ಚಾನೆಲ್‌ಗಳು ಬೇರೆ ಬೇರೆ ಕಡೆ ಬೇರೆ ಬೇರೆ ಉಪಗ್ರಹದಿಂದ ಬರುತ್ತವೆ. ಭಾರತದ ಡಿಡಿ ಫ್ರೀ ಡಿಶ್ ಬರುವುದು ಪೂರ್ವ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಬ್ರಿಟನ್ನಿನ ಫ್ರೀಸ್ಯಾಟ್ ಪೂರ್ವ 28.2ರಲ್ಲಿದೆ. ಜರ್ಮನ್ ಚಾನೆಲ್‌ಗಳು ಪೂರ್ವ 19.2ರಲ್ಲಿ, ಅರಬ್ ದೇಶಗಳ ನೈಲ್‌ಸ್ಯಾಟ್ ಪಶ್ಚಿಮ 7ರಲ್ಲಿ. ಎಲ್ಲವೂ ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿವೆ. ಎಲ್ಲಿದ್ದರೂ ವಿಧಾನ ಒಂದೇ. ಮುಖ್ಯವಾಗಿ ಬದಲಾಗುವುದು ಡಿಶ್ ನೋಡುವ ದಿಕ್ಕು.

ಎಷ್ಟೋ ಡಿಶ್ ತಿರುಗಿಸಿದ ಮೇಲೆ ನನಗೆ ಮನವರಿಕೆಯಾದ ಒಂದು ಮಾತಿದೆ. ಇಡೀ ಸರಪಳಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಕೆಡುವುದು ಡಿಶ್. ಮೊದಲು ಕೈಕೊಡುವುದು ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್, ಆಮೇಲೆ ಕೇಬಲ್ ತುದಿಯ ಪಿನ್, ಆಮೇಲೆ ಕೇಬಲ್, ಆಮೇಲೆ ಎಲ್‌ಎನ್‌ಬಿ. ಆದರೆ ಚಿತ್ರ ಹೋದ ತಕ್ಷಣ ಎಲ್ಲರೂ ಮಾಡುವುದು ಒಂದೇ: ಮೇಲೆ ಹತ್ತಿ ಡಿಶ್ ಅಲ್ಲಾಡಿಸುವುದು. ಆಗ ಒಂದು ದೋಷ ಎರಡಾಗುತ್ತದೆ. ಹಾಗಾಗಿ ಒಂದು ಗೆರೆ ಎಳೆದುಕೊಳ್ಳಿ. ನಿನ್ನೆವರೆಗೆ ಬರುತ್ತಿದ್ದ ಚಾನೆಲ್ ಇವತ್ತು ಬರುತ್ತಿಲ್ಲ ಅಂದರೆ ಡಿಶ್ ಮುಟ್ಟಬೇಡಿ. ಹೊಸ ಉಪಗ್ರಹಕ್ಕೆ ಹೊಂದಿಸುತ್ತಿದ್ದರೆ ಮಾತ್ರ ತಿರುಗಿಸಬೇಕಾಗುತ್ತದೆ, ಅದೂ ಕೆಳಗಿನ ಕೆಲಸ ಮುಗಿದ ಮೇಲೆ.

## ಮೇಲೆ ಹತ್ತುವ ಮೊದಲು

ಡಿಶ್ ಹತ್ತಿರ ಕರೆಂಟ್ ತಂತಿ ಹಾದುಹೋಗಿದೆಯಾ ನೋಡಿ. ಕಂಬ ಯಾವ ಕಡೆ ವಾಲಿದರೂ, ಕೈಯಲ್ಲಿರುವ ಪೈಪ್ ಯಾವ ಕಡೆ ಬಿದ್ದರೂ ತಂತಿ ಮುಟ್ಟಬಾರದು. ಮುಟ್ಟುವ ಸಾಧ್ಯತೆ ಇದ್ದರೆ ಆ ಕೆಲಸ ನಿಮ್ಮದಲ್ಲ, ಅಲ್ಲಿಗೇ ಬಿಟ್ಟುಬಿಡಿ. ಮಳೆ, ಗುಡುಗು, ಜೋರು ಗಾಳಿ ಇದ್ದಾಗ ಹತ್ತಬೇಡಿ. ಇಳಿಜಾರು ಚಾವಣಿ, ಕಟಕಟೆ ಇಲ್ಲದ ಅಂಚು, ಗೋಡೆಗೆ ಹೊರಗಡೆಯಿಂದ ಬಿಗಿದ ಡಿಶ್ ಆದರೆ ಕೆಲಸ ಗೊತ್ತಿರುವವರನ್ನು ಕರೆಸಿ. ಕೆಳಗೆ ಒಬ್ಬರು ಇರಲೇಬೇಕು.

ಕೇಬಲ್ ಬಿಚ್ಚುವ ಮೊದಲು ಬಾಕ್ಸಿನ ಪ್ಲಗ್ ಅನ್ನು ಗೋಡೆಯಿಂದಲೇ ಕೀಳಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಅದರಿಂದ ನಿಮಗೆ ಅಪಾಯ ಇಲ್ಲ, ಆದರೆ ತುದಿಗಳು ತಾಗಿ ಶಾರ್ಟ್ ಆದರೆ ಬಾಕ್ಸ್ ಹಾಳಾಗಬಹುದು. ಡಿಶ್ ಅಥವಾ ಕೇಬಲ್ ಮುಟ್ಟಿದಾಗ ಕೈ ಜುಮ್ ಅಂದರೆ ಮಾತ್ರ ತಕ್ಷಣ ನಿಲ್ಲಿಸಿ. ಟಿವಿಯಿಂದಲೋ ಬಾಕ್ಸಿನಿಂದಲೋ ಕರೆಂಟ್ ಸೋರುತ್ತಿದೆ ಅಂತ ಅರ್ಥ. ಎರಡರ ಪ್ಲಗ್ಗೂ ಕಿತ್ತು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನೊಂದು. ಬಹಳ ದಿನ ಯಾರೂ ಮುಟ್ಟದ ಡಿಶ್‌ನ ಹಿಂದೆ, ಎಲ್‌ಎನ್‌ಬಿ ಹಿಡಿದ ಟೊಳ್ಳು ಕೊಳವೆಯೊಳಗೆ ಕಣಜ ಗೂಡು ಕಟ್ಟಿರುತ್ತದೆ. ನಾನು ಒಂದು ಸಲ ನೋಡದೆ ಕೈ ಹಾಕಿ, ಎರಡು ದಿನ ಬೆರಳು ಮಡಚಲಾಗದೆ ಕೂತಿದ್ದೆ. ಮೊದಲು ಉದ್ದನೆಯ ಕೋಲಿನಿಂದ ದೂರ ನಿಂತು ತಟ್ಟಿ, ಸ್ವಲ್ಪ ಕಾದು ನೋಡಿ.

## ಎರಡು ಪಟ್ಟಿಗಳು ಏನು ಹೇಳುತ್ತವೆ

ಬಾಕ್ಸಿನ ಮೆನುವಿನಲ್ಲಿ ಇನ್‌ಸ್ಟಾಲೇಷನ್ ಅಥವಾ ಸಿಗ್ನಲ್ ಅನ್ನುವ ಪುಟದಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಜಾಸ್ತಿ ಜನ ಸ್ಟ್ರೆಂತ್ ನೋಡಿ ಮೋಸ ಹೋಗುತ್ತಾರೆ. ಎಲ್‌ಎನ್‌ಬಿಗೆ ಕರೆಂಟ್ ಹೋಗಿದ್ದರೆ ಸಾಕು, ಡಿಶ್ ಗೋಡೆ ಕಡೆ ನೋಡುತ್ತಿದ್ದರೂ ಸ್ಟ್ರೆಂತ್ 60, 70 ತೋರಿಸುತ್ತದೆ. ಅದು ಬರೀ ಗದ್ದಲದ ಅಳತೆ. ಆ ಗದ್ದಲದಲ್ಲಿ ನಮಗೆ ಬೇಕಾದ ಸಿಗ್ನಲ್ ಸಿಕ್ಕಿದೆಯೋ ಇಲ್ಲವೋ ಅಂತ ಹೇಳುವುದು ಕ್ವಾಲಿಟಿ ಮಾತ್ರ. ಸ್ಟ್ರೆಂತ್‌ನಿಂದ ಕೇಬಲ್ ಜೀವಂತ ಇದೆಯಾ ಅಂತ ತಿಳಿಯುತ್ತದೆ, ಕ್ವಾಲಿಟಿಯಿಂದ ದಿಕ್ಕು ಸರಿ ಇದೆಯಾ ಅಂತ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

## ಎರಡೂ ಪಟ್ಟಿ ಸೊನ್ನೆ

ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿಲ್ಲ, ಅಥವಾ ಅದರ ಸಿಗ್ನಲ್ ಕೆಳಗೆ ಬರುತ್ತಿಲ್ಲ. ಡಿಶ್‌ನ ದಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ.

ಬಾಕ್ಸಿನ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆನ್ ಇದೆಯಾ ನೋಡಿ. ಕೇಬಲ್ ಅನ್ನು ಇನ್ ಅಂತ ಬರೆದ ಜಾಗಕ್ಕೇ ಹಾಕಿದ್ದೀರಾ ಅಂತಲೂ ನೋಡಿ. ಔಟ್ ಅನ್ನುವ ಕಡೆ ಸಿಕ್ಕಿಸಿ ಅರ್ಧ ದಿನ ಹುಡುಕಿದವರನ್ನು ನಾನು ನೋಡಿದ್ದೇನೆ.

ಇನ್ನೂ ಸೊನ್ನೆಯೇ ಇದ್ದರೆ ಪಿನ್ ಬಿಚ್ಚಿ. ಇಲ್ಲಿ ಕಣ್ಣಿಗೆ ಸ್ವಲ್ಪ ಕೆಲಸ ಕೊಡಿ, ಬೆಳಕಿಗೆ ಹಿಡಿದು ನೋಡಿ. ನಡುವಿನ ತಾಮ್ರದ ತಂತಿ ನೇರವಾಗಿ, ಹೊಳೆಯುತ್ತಾ, ಕನೆಕ್ಟರ್‌ನ ಬಾಯಿಂದ ಎರಡು ಮಿಲಿಮೀಟರ್‌ನಷ್ಟು ಹೊರಗಿರಬೇಕು. ಅದರ ಸುತ್ತ ಬಿಳಿ ಪ್ಲಾಸ್ಟಿಕ್. ಅದರ ಆಚೆ ಹೆಣೆದ ಜಾಲರಿ. ಆ ಜಾಲರಿಯ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ಒಳಗೆ ಬಾಗಿ ನಡುವಿನ ತಂತಿ ಮುಟ್ಟಿದರೂ ಎಲ್ಲವೂ ನಿಂತುಹೋಗುತ್ತದೆ. ಪರದೆ ಮೇಲೆ ಎಲ್‌ಎನ್‌ಬಿ ಶಾರ್ಟ್ ಅಂತ ಬರುವುದಕ್ಕೆ ಬಹಳ ಸಲ ಕಾರಣ ಇದೇ. ತಾಮ್ರ ಕಪ್ಪಾಗಿದ್ದರೆ, ಹಸಿರು ಹಿಡಿದಿದ್ದರೆ ಕೆರೆದು ಬಳಸಬೇಡಿ. ಹೊಳೆಯುವ ತಾಮ್ರ ಸಿಗುವವರೆಗೂ ಕೇಬಲ್ ಕತ್ತರಿಸಿ ಹೊಸ ಪಿನ್ ಹಾಕಿ. ಮೇಲಿನ ತುದಿಯಲ್ಲೂ ಇದೇ ಪರೀಕ್ಷೆ. ಒಂದು ಡಿಶ್‌ನಲ್ಲಿ ನಾನು ಕೆಳಗಿನ ಪಿನ್ ಬಿಚ್ಚಿದರೆ ಕೇಬಲ್‌ನಿಂದ ನೀರು ತೊಟ್ಟಿಕ್ಕಿತು. ಮೇಲಿನ ಪಿನ್ನಿನಲ್ಲಿ ಸೇರಿದ ಮಳೆನೀರು ಜಾಲರಿಯೊಳಗೇ ಇಳಿದು ಟಿವಿ ತನಕ ಬಂದಿತ್ತು. ಅಂಥ ಕೇಬಲ್ ಪೂರ್ತಿ ಬದಲಾಯಿಸಲೇಬೇಕು.

ಶಾರ್ಟ್ ಅನ್ನುವ ಸಂದೇಶ ಬಂದರೆ ಒಂದು ಸುಲಭ ಉಪಾಯ ಇದೆ. ಬಾಕ್ಸಿನ ಪ್ಲಗ್ ಕಿತ್ತು ಕೇಬಲ್ ಬಿಚ್ಚಿಡಿ, ಮತ್ತೆ ಆನ್ ಮಾಡಿ. ಸಂದೇಶ ಹೋದರೆ ದೋಷ ಹೊರಗಿದೆ. ಹೋಗದಿದ್ದರೆ ಬಾಕ್ಸೇ ಕೆಟ್ಟಿದೆ.

ಮಲ್ಟಿಮೀಟರ್ ಇದ್ದರೆ ಕೆಲಸ ಇನ್ನೂ ಸುಲಭ. ಕೇಬಲ್‌ನ ಮೇಲಿನ ತುದಿಯಲ್ಲಿ, ನಡುವಿನ ತಂತಿಗೂ ಹೊರಗಿನ ಲೋಹಕ್ಕೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಇಲ್ಲಿ ಮಾತ್ರ ಬಾಕ್ಸ್ ಆನ್ ಇರಬೇಕು, ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. 13 ಅಥವಾ 18ರ ಹತ್ತಿರ ಬಂದರೆ ಕೇಬಲ್ ಸರಿ, ಎಲ್‌ಎನ್‌ಬಿ ಮೇಲೆ ಅನುಮಾನ ಪಡಿ. ಸೊನ್ನೆ ಬಂದರೆ ಕೇಬಲ್ ಅಥವಾ ಬಾಕ್ಸ್. ಮೀಟರ್ ಇಲ್ಲದಿದ್ದರೆ, ಸಮತಟ್ಟಾದ ತಾರಸಿಯಲ್ಲಿ ಬಾಕ್ಸ್ ಮತ್ತು ಚಿಕ್ಕ ಟಿವಿಯನ್ನು ಡಿಶ್ ಹತ್ತಿರಕ್ಕೇ ಒಯ್ದು, ಎರಡು ಮೀಟರ್ ಹೊಸ ಕೇಬಲ್‌ನಲ್ಲಿ ಜೋಡಿಸಿ ನೋಡಿ. ಅಲ್ಲಿ ಪಟ್ಟಿ ಎದ್ದರೆ ಹಳೇ ಕೇಬಲ್ ಹೋಗಿದೆ.

ಹೊಸ ಕೇಬಲ್ ತರುವಾಗ 75 ಓಮ್‌ನ ಆರ್‌ಜಿ-6 ಕೇಳಿ ತನ್ನಿ.

## ಸ್ಟ್ರೆಂತ್ ಇದೆ, ಕ್ವಾಲಿಟಿ ಏಳುತ್ತಿಲ್ಲ

ಹಳೇ ಡಿಶ್ ಅನ್ನು ಹೊಸ ಉಪಗ್ರಹಕ್ಕೆ ತಿರುಗಿಸುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮೊದಲು ಎಲ್‌ಎನ್‌ಬಿ ಮೇಲಿನ ಚೀಟಿ ಓದಿ. ಎಲ್‌ಒ (ಎಲ್‌ಎನ್‌ಬಿ ಒಳಗಿನ ಫ್ರೀಕ್ವೆನ್ಸಿ) ಅಂತ ಬರೆದು ಅದರ ಮುಂದೆ 9.75 / 10.6 ಅಂತ ಇದ್ದರೆ ಅದು ಯೂನಿವರ್ಸಲ್, ಅಂದರೆ ಮಾಮೂಲಿ ಜಾತಿ. ಬಾಕ್ಸಿನಲ್ಲೂ 9750 / 10600 ಇರಬೇಕು. ಬೇರೆ ಸಂಖ್ಯೆ ಇದ್ದರೆ ಅದನ್ನೇ ಮೆನುವಿನಲ್ಲಿ ಹಾಕಿ. ಈ ಸಂಖ್ಯೆ ತಪ್ಪಿದರೆ ಡಿಶ್ ಉಪಗ್ರಹವನ್ನೇ ದಿಟ್ಟಿಸುತ್ತಿದ್ದರೂ ಕ್ವಾಲಿಟಿ ಸೊನ್ನೆಯೇ. ಹಣ ಕಟ್ಟುವ ಸೇವೆಗಳ ಕೆಲವು ಡಿಶ್‌ಗಳಲ್ಲಿ ಬೇರೆ ಜಾತಿಯ ಎಲ್‌ಎನ್‌ಬಿ ಇರುತ್ತದೆ. 10.41 ಅಂತ ಬರೆದಿದ್ದರೆ ಅದು ವೈಡ್‌ಬ್ಯಾಂಡ್, ಮಾಮೂಲಿ ಉಚಿತ ಬಾಕ್ಸ್ ಜೊತೆ ಹೊಂದುವುದಿಲ್ಲ. ಸರ್ಕ್ಯುಲರ್ (ಸುತ್ತುತ್ತಾ ಬರುವ ಅಲೆಗೆ ಮಾಡಿದ್ದು) ಅಂತ ಇದ್ದರೆ ಲೀನಿಯರ್, ಅಂದರೆ ಅಡ್ಡ ಅಥವಾ ಉದ್ದಕ್ಕೆ ಕಂಪಿಸುವ, ಸಿಗ್ನಲ್‌ಗೆ ಸರಿಹೋಗುವುದಿಲ್ಲ. ಇಂಥ ಕಡೆ ತಲೆ ಕೆಡಿಸಿಕೊಳ್ಳಬೇಡಿ, ಎಲ್‌ಎನ್‌ಬಿ ಬದಲಾಯಿಸಿ. ಇಡೀ ಜೋಡಣೆಯಲ್ಲಿ ಅಗ್ಗದ ಭಾಗ ಅದೇ.

ಆಮೇಲೆ ಡೈಸೆಕ್ ಸೆಟ್ಟಿಂಗ್, ಅಂದರೆ ಹಲವು ಎಲ್‌ಎನ್‌ಬಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್‌ಗೆ ಬಾಕ್ಸ್ ಕೊಡುವ ಆಜ್ಞೆ. ಡಿಶ್‌ಗೂ ಬಾಕ್ಸಿಗೂ ನಡುವೆ ಸ್ವಿಚ್ ಡಬ್ಬಿ ಇಲ್ಲದಿದ್ದರೆ ಇದನ್ನು ಆಫ್ ಮಾಡಿ. ಇದ್ದರೆ ಎ, ಬಿ, ಸಿ, ಡಿ ಒಂದೊಂದೇ ಹಾಕಿ ನೋಡಿ. ಪಟ್ಟಿ ನೋಡಲು ಆರಿಸಿದ ಫ್ರೀಕ್ವೆನ್ಸಿ ಈಗಲೂ ಚಾಲ್ತಿಯಲ್ಲಿದೆಯಾ ಅನ್ನುವುದೂ ಮುಖ್ಯ. ಹಳೇ ಬಾಕ್ಸಿನಲ್ಲಿ ವರ್ಷಗಳ ಹಿಂದಿನ ಪಟ್ಟಿ ಇರುತ್ತದೆ. ಸತ್ತ ಫ್ರೀಕ್ವೆನ್ಸಿ ಇಟ್ಟುಕೊಂಡು ಸುಮ್ನೆ ಡಿಶ್ ತಿರುಗಿಸುತ್ತಾ ಕೂತರೆ ಏನೂ ಸಿಗುವುದಿಲ್ಲ. ಆ ಉಪಗ್ರಹದ ಇವತ್ತಿನ ಒಂದು ಗಟ್ಟಿ ಫ್ರೀಕ್ವೆನ್ಸಿ, ಅದರ ಸಿಂಬಲ್ ರೇಟ್ (ಮಾಹಿತಿ ಬರುವ ವೇಗದ ಸಂಖ್ಯೆ), ಅಲೆ ಅಡ್ಡವೋ ಉದ್ದವೋ ಅಂತ ಹೇಳುವ ಎಚ್ ಅಥವಾ ವಿ, ಮೂರನ್ನೂ ಕೈಯಾರೆ ತುಂಬಿ.

ಇವೆಲ್ಲ ಸರಿ ಇದ್ದರೆ ಈಗ ಸ್ಪ್ಯಾನರ್ ತೆಗೆದುಕೊಳ್ಳಿ.

ಕಂಬ ನೆಟ್ಟಗಿದೆಯಾ ಅಂತ ರಸಮಟ್ಟ ಇಟ್ಟು ಎರಡು ಬದಿಯಿಂದ ನೋಡಿ. ಕಂಬ ವಾಲಿದ್ದರೆ ಡಿಶ್ ಹಿಂದಿನ ಡಿಗ್ರಿ ಗುರುತುಗಳೆಲ್ಲ ಸುಳ್ಳು. ಫೋನಿನ ಉಪಗ್ರಹ ಆ್ಯಪ್‌ನಲ್ಲಿ ನಿಮ್ಮ ಜಾಗಕ್ಕೆ ಮೂರು ಸಂಖ್ಯೆ ಸಿಗುತ್ತವೆ: ದಿಕ್ಕು, ಎತ್ತರದ ಕೋನ, ಎಲ್‌ಎನ್‌ಬಿ ಓರೆ (ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಎಷ್ಟು ತಿರುಗಿಸಿಡಬೇಕು ಅನ್ನುವುದು). ದಿಕ್ಸೂಚಿ ನೋಡುವಾಗ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ, ಹತ್ತಿರ ನಿಂತರೆ ಮುಳ್ಳು ದಾರಿ ತಪ್ಪುತ್ತದೆ. ಇನ್ನೊಂದು ಮಾತು ನೆನಪಿರಲಿ. ಮನೆಗಳ ಮೇಲೆ ಕಾಣುವ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ನೋಡಲು ನೆಟ್ಟಗೆ ನಿಂತಿದ್ದರೂ ಅವುಗಳ ದೃಷ್ಟಿ 20ರಿಂದ 25 ಡಿಗ್ರಿ ಮೇಲಕ್ಕಿರುತ್ತದೆ. ಕಣ್ಣಳತೆಯಲ್ಲಿ ಆಕಾಶಕ್ಕೆ ಗುರಿ ಇಟ್ಟರೆ ತಪ್ಪುವುದು ಇದಕ್ಕೇ. ಬ್ರಾಕೆಟ್ ಮೇಲಿನ ಅಂಕಿಯನ್ನೇ ನಂಬಿ.

ಎತ್ತರದ ಕೋನ ಅಂಕಿಗೆ ಹೊಂದಿಸಿ ಬಿಗಿ ಮಾಡಿ. ಕಂಬದ ನಟ್ಟುಗಳನ್ನು ಡಿಶ್ ತಿರುಗುವಷ್ಟು, ಆದರೆ ತಾನಾಗಿ ಜಾರದಷ್ಟು ಸಡಿಲಿಸಿ. ಹಳೇ ಜಾಗಕ್ಕೆ ಕಂಬದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಈಗ ತಿರುಗಿಸಿ, ಆದರೆ ಎಷ್ಟು ನಿಧಾನ ಗೊತ್ತಾ? 5 ಸೆಂಟಿಮೀಟರ್ ದಪ್ಪದ ಕಂಬದ ಮೇಲೆ ಒಂದು ಡಿಗ್ರಿ ಅಂದರೆ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ. ನೀವು ಎಳೆದ ಪೆನ್ಸಿಲ್ ಗೆರೆಯ ದಪ್ಪವೇ ಹೆಚ್ಚುಕಮ್ಮಿ ಒಂದು ಡಿಗ್ರಿ! 60 ಸೆಂಟಿಮೀಟರ್ ಡಿಶ್‌ಗೆ ಒಂದೂವರೆ, ಎರಡು ಡಿಗ್ರಿ ತಪ್ಪಿದರೆ ಉಪಗ್ರಹ ಕೈತಪ್ಪಿತು ಅಂತಲೇ. ಬಾಕ್ಸೂ ನಿಧಾನ. ಸಿಗ್ನಲ್ ಹಿಡಿದು ಪಟ್ಟಿ ತೋರಿಸಲು ಎರಡು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ಚೂರು ತಳ್ಳಿ, ಕೈ ಬಿಡಿ, ಮನಸ್ಸಿನಲ್ಲಿ ಮೂರು ಎಣಿಸಿ, ಮತ್ತೆ ತಳ್ಳಿ. ಡಿಶ್ ಎದುರು ನಿಲ್ಲಬೇಡಿ, ನಿಮ್ಮ ತಲೆಯೇ ಸಿಗ್ನಲ್ ತಡೆಯುತ್ತದೆ. ಈ ತುದಿಯಿಂದ ಆ ತುದಿಗೆ ಬಂದರೂ ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಾಯಿಸಿ, ಮತ್ತೆ ಅದೇ ಪಯಣ.

ಕ್ವಾಲಿಟಿ ಎದ್ದ ಕೂಡಲೇ ನಟ್ಟು ಬಿಗಿಯಬೇಡಿ. ಎಡಕ್ಕೆ ತಳ್ಳಿ ಎಲ್ಲಿ ಇಳಿಯುತ್ತದೆ ನೋಡಿ, ಬಲಕ್ಕೂ ಹಾಗೇ. ಎರಡರ ನಡುವೆ ನಿಲ್ಲಿಸಿ. ಎತ್ತರಕ್ಕೂ ಅದೇ ಕ್ರಮ. ಬಿಗಿಯುವಾಗ ನಟ್ಟುಗಳನ್ನು ಸರದಿ ಮೇಲೆ ಸ್ವಲ್ಪ ಸ್ವಲ್ಪ ತಿರುಗಿಸಿ, ಕಣ್ಣು ಪಟ್ಟಿ ಮೇಲಿರಲಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಪಕ್ಕಕ್ಕೆ ಎಳೆದುಕೊಳ್ಳುತ್ತದೆ.

ಎರಡು ಗಂಟೆ ತಿರುಗಿಸಿಯೂ ಸಿಗದಿದ್ದರೆ ನಿಲ್ಲಿಸಿ. ಎದುರಿಗೆ ಮರ, ಕಟ್ಟಡ, ನೀರಿನ ಟ್ಯಾಂಕ್ ಅಡ್ಡ ಇದೆಯಾ ನೋಡಿ. ಸಿಗ್ನಲ್ ಮೀಟರ್ ಇರುವ ಡಿಶ್ ಕೆಲಸಗಾರರಿಗೆ ಇದು ಕೆಲವೇ ನಿಮಿಷದ ಕೆಲಸ. ಸುಸ್ತಾದ ಮೈಯಲ್ಲಿ ಎತ್ತರದ ಮೇಲೆ ನಿಂತು ಹಠ ಮಾಡುವುದು ಬೇಡ.

## ಕ್ವಾಲಿಟಿ ಚೆನ್ನಾಗಿದೆ, ಆದರೆ ಬೇರೆ ಯಾವುದೋ ಚಾನೆಲ್‌ಗಳು ಬರುತ್ತಿವೆ

ಪಕ್ಕದ ಉಪಗ್ರಹ ಸಿಕ್ಕಿದೆ. ಎರಡು ಮೂರು ಡಿಗ್ರಿಗೆ ಒಂದೊಂದು ಇರುತ್ತವೆ. ಬೇಸರ ಬೇಡ, ಇದು ಒಳ್ಳೇ ಸುದ್ದಿ. ಕೇಬಲ್, ಎಲ್‌ಎನ್‌ಬಿ, ಬಾಕ್ಸ್ ಎಲ್ಲ ಸರಿ ಇದೆ ಅಂತ ಖಾತ್ರಿಯಾಯಿತು. ಸಿಕ್ಕ ಚಾನೆಲ್‌ಗಳ ಹೆಸರಿನಿಂದ ಯಾವ ಉಪಗ್ರಹ ಅಂತ ತಿಳಿದುಕೊಂಡು, ಅಲ್ಲಿಂದ ಎಷ್ಟು ಡಿಗ್ರಿ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು ಅಂತ ಲೆಕ್ಕ ಹಾಕಿ.

## ಅರ್ಧ ಚಾನೆಲ್ ಬರುತ್ತವೆ, ಅರ್ಧ ಬರುವುದಿಲ್ಲ

ಬಾರದ ಚಾನೆಲ್‌ಗಳ ಫ್ರೀಕ್ವೆನ್ಸಿ ಬರೆದಿಟ್ಟುಕೊಳ್ಳಿ. ಕಾಗದದ ಮೇಲೆ ಉತ್ತರ ತಾನಾಗಿ ಕಾಣುತ್ತದೆ.

ಬಾರದವೆಲ್ಲ ಎಚ್ ಆಗಿದ್ದರೆ 18 ವೋಲ್ಟ್ ಮೇಲೆ ತಲುಪುತ್ತಿಲ್ಲ, ಎಲ್ಲ ವಿ ಆಗಿದ್ದರೆ 13 ವೋಲ್ಟಿನ ಕಡೆ ತೊಂದರೆ. ತುಕ್ಕು ಹಿಡಿದ ಪಿನ್, ಸುಸ್ತಾದ ಬಾಕ್ಸ್ ಅಥವಾ ಎಲ್‌ಎನ್‌ಬಿ ಕಾರಣ ಇರಬಹುದು. ಬಂದರೂ ಒಂದು ಗುಂಪು ಮಾತ್ರ ಸೊರಗಿದ್ದರೆ ಎಲ್‌ಎನ್‌ಬಿಯ ಓರೆ ತಪ್ಪಿದೆ. ಹಳೇ ಉಪಗ್ರಹಕ್ಕೆ ಇಟ್ಟ ಓರೆ ಹೊಸದಕ್ಕೆ ಸರಿಹೋಗುವುದಿಲ್ಲ. ಹಿಡಿಕೆ ಸಡಿಲಿಸಿ ಎಲ್‌ಎನ್‌ಬಿಯನ್ನು ಅದರ ಜಾಗದಲ್ಲೇ ಕೆಲವು ಡಿಗ್ರಿ ತಿರುಗಿಸಿ ನೋಡಿ.

ಬಾರದವೆಲ್ಲ 11,700 ಮೆಗಾಹರ್ಟ್ಸ್‌ಗಿಂತ ಮೇಲಿದ್ದರೆ ಮೆನುವಿನ 22 ಕಿಲೋಹರ್ಟ್ಸ್ ಟೋನ್ ನೋಡಿ. ಯೂನಿವರ್ಸಲ್ ಎಲ್‌ಎನ್‌ಬಿ ಮೇಲಿನ ಬ್ಯಾಂಡ್‌ಗೆ ಬದಲಾಗುವುದು ಆ ಟೋನ್ ಸಿಕ್ಕಾಗಲೇ. ಆಟೋ ಅಂತ ಇಟ್ಟರೆ ಸಾಕು. ಬ್ಯಾಂಡಿನ ಮೇಲಿನ ತುದಿಯ ಚಾನೆಲ್‌ಗಳು ಮಾತ್ರ ಹೋಗಿದ್ದರೆ ಕೇಬಲ್ ಉದ್ದ ಜಾಸ್ತಿ ಅಥವಾ ಹಳತಾಗಿದೆ. ಫ್ರೀಕ್ವೆನ್ಸಿ ಏರಿದಷ್ಟೂ ಕೇಬಲ್ ಜಾಸ್ತಿ ನುಂಗುತ್ತದೆ.

## ಚಾನೆಲ್ ಹೆಸರಿದೆ, ಕ್ವಾಲಿಟಿಯೂ ಇದೆ, ಚಿತ್ರ ಇಲ್ಲ

ಸ್ಕ್ರಾಂಬಲ್ಡ್ ಅಂತ ಬಂದರೆ, ಹೆಸರಿನ ಪಕ್ಕ ಡಾಲರ್ ಗುರುತಿದ್ದರೆ ಅದು ಹಣ ಕಟ್ಟಿ ನೋಡುವ ಚಾನೆಲ್. ದೋಷ ಅಲ್ಲ. ಅದನ್ನು ಬಿಡಿಸಿಕೊಡುತ್ತೇವೆ ಅನ್ನುವ ಕಾರ್ಡ್, ಕೋಡ್, ಬಾಕ್ಸ್ ಯಾವುದಕ್ಕೂ ದುಡ್ಡು ಕೊಡಬೇಡಿ. ಅದು ಕಳ್ಳತನ. ಹುಡುಕುವಾಗ ಎಫ್‌ಟಿಎ (ಫ್ರೀ ಟು ಏರ್) ಮಾತ್ರ ಅಂತ ಆರಿಸಿದರೆ ಉಚಿತವಾದವು ಮಾತ್ರ ಪಟ್ಟಿಗೆ ಬರುತ್ತವೆ.

ಧ್ವನಿ ಮಾತ್ರ ಬಂದು ಪರದೆ ಕಪ್ಪಾಗಿದ್ದರೆ, ಅಥವಾ ಎಚ್‌ಡಿ ಚಾನೆಲ್‌ಗಳು ಪಟ್ಟಿಯಲ್ಲೇ ಇಲ್ಲದಿದ್ದರೆ ಬಾಕ್ಸ್ ಹಳೇ ಕಾಲದ್ದು. ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೇ ವಿಧಾನ ಎಂಪೆಗ್-2 ಮಾತ್ರ ಗೊತ್ತಿರುವ ಬಾಕ್ಸ್, ಹೊಸ ಎಂಪೆಗ್-4 ಬಿಡಿಸಲಾರದು. ಉಪಗ್ರಹ ಸಿಗ್ನಲ್‌ನ ಹಳೇ ಮಾದರಿಯ ಡಿವಿಬಿ-ಎಸ್ ಬಾಕ್ಸ್, ಹೊಸ ಮಾದರಿಯ ಡಿವಿಬಿ-ಎಸ್2 ಸಿಗ್ನಲ್ ಹಿಡಿಯಲಾರದು. 2024ರ ಆರಂಭದಲ್ಲಿ ಬಿಬಿಸಿ ಉಪಗ್ರಹದಲ್ಲಿ ಎಸ್‌ಡಿ ಚಾನೆಲ್‌ಗಳನ್ನು ನಿಲ್ಲಿಸಿದಾಗ ಎಚ್‌ಡಿ ಬಾರದ ಬಾಕ್ಸ್‌ಗಳಲ್ಲಿ ಆ ಚಾನೆಲ್‌ಗಳೇ ಮಾಯವಾದವು. ಡಿಶ್‌ಗೂ ಕೇಬಲ್‌ಗೂ ಏನೂ ಆಗಿರಲಿಲ್ಲ. ಇಂಥ ಕಡೆ ಬಾಕ್ಸ್ ಬದಲಾಯಿಸಿ, ಡಿಶ್ ಉಳಿಸಿಕೊಳ್ಳಿ. ಈಗಿನ ಎಷ್ಟೋ ಟಿವಿಗಳ ಹಿಂದೆಯೇ ಉಪಗ್ರಹ ಕೇಬಲ್ ಹಾಕುವ ಜಾಗ ಇರುತ್ತದೆ, ಒಮ್ಮೆ ನೋಡಿ.

## ಬಂದು ಬಂದು ಹೋಗುತ್ತದೆ

ಯಾವಾಗ ಹೋಗುತ್ತದೆ ಅನ್ನುವುದನ್ನು ಒಂದು ವಾರ ಗುರುತು ಹಾಕಿಕೊಳ್ಳಿ.

ಜೋರು ಮಳೆಗೆ ಹತ್ತು ನಿಮಿಷ ಹೋಗಿ ಬಂದರೆ ಅದು ಸಹಜ. ತುಂತುರು ಹನಿಗೇ ಹೋದರೆ ಗುರಿ ಸರಿಯಾಗಿ ಕೂತಿಲ್ಲ, ಕ್ವಾಲಿಟಿ ಅಂಚಿನಲ್ಲಿದೆ. ಮಳೆ ನಿಂತು ಗಂಟೆಗಟ್ಟಲೆ ಆದರೂ ಬರದಿದ್ದರೆ ಪಿನ್ನಿನಲ್ಲೋ ಬಿರುಕು ಬಿಟ್ಟ ಎಲ್‌ಎನ್‌ಬಿ ಮುಚ್ಚಳದಲ್ಲೋ ನೀರು ಸೇರಿದೆ. ಮುಚ್ಚಳ ಒಡೆದಿದ್ದರೆ ಎಲ್‌ಎನ್‌ಬಿ ಬದಲಾಯಿಸಿ. ಹೊಸ ಪಿನ್ ಹಾಕಿದ ಮೇಲೆ ನೀರು ಹಿಡಿಯದ ರಬ್ಬರ್ ಟೇಪ್ ಸುತ್ತಿ, ಕೇಬಲ್ ಅನ್ನು ಒಂದು ಬಳಸು ಕೆಳಕ್ಕೆ ಜೋತುಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಗಾಳಿಗೆ ಹೋದರೆ ಡಿಶ್ ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಯಾವ ನಟ್ಟು ಸಡಿಲ ಅಂತ ತಿಳಿಯುತ್ತದೆ. ಕಂಬವೇ ಬುಡದಲ್ಲಿ ಅಲ್ಲಾಡಿದರೆ ಅದು ಚಿತ್ರದ ಪ್ರಶ್ನೆಯಲ್ಲ, ಕೆಳಗೆ ಓಡಾಡುವವರ ತಲೆಯ ಪ್ರಶ್ನೆ. ಅವತ್ತೇ ಸರಿಮಾಡಿಸಿ. ಬಿಸಿಲೇರಿದಾಗ ಹೋಗಿ ಸಂಜೆಗೆ ಬಂದರೆ ಎಲ್‌ಎನ್‌ಬಿ ಮುದಿಯಾಗಿದೆ, ಬಿಸಿಗೆ ಅದರ ಒಳಗಿನ ಫ್ರೀಕ್ವೆನ್ಸಿ ಜಾರುತ್ತಿದೆ. ಎಲೆ ಚಿಗುರಿದ ಮೇಲೆ ಶುರುವಾಗಿದ್ದರೆ ಮರ ಅಡ್ಡ ಬೆಳೆದಿದೆ.

ಮಾರ್ಚ್ ಆಸುಪಾಸು ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆಲವು ದಿನ, ದಿನಾ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋದರೆ ಏನೂ ಮಾಡಬೇಡಿ. ಆ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆದರೆ ಆ ನಿಮಿಷಗಳಲ್ಲಿ ಮೇಲೆ ಹೋಗಿ ಡಿಶ್ ಮೇಲಿನ ನೆರಳು ನೋಡಿ. ಬಿಸಿಲು ಬರುವ ದಾರಿಯೇ ಸಿಗ್ನಲ್ ಬರುವ ದಾರಿ. ಕೊಂಬೆಯ ನೆರಳು ಡಿಶ್ ಮೇಲೆ ಬಿದ್ದಿದ್ದರೆ ಅಡ್ಡ ಇರುವ ಕೊಂಬೆ ಅದೇ.

## ಎರಡು ಟಿವಿಗೆ ಹಾಕಿದರೆ ಒಂದು ಕೆಡುತ್ತದೆ

ಒಂದೇ ಬಾಯಿಯ ಎಲ್‌ಎನ್‌ಬಿಗೆ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ಓಡಿಸಿದರೆ ಒಂದು 13 ಕೇಳುತ್ತದೆ, ಇನ್ನೊಂದು 18. ಎರಡಕ್ಕೂ ಒಟ್ಟಿಗೆ ಸಿಗುವುದಿಲ್ಲ. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯಿರಿ.

## ಎಲ್ಲ ಬದಲಾಯಿಸಿದರೂ ಕ್ವಾಲಿಟಿ ಏರುತ್ತಿಲ್ಲ

ಈಗ ಡಿಶ್ ಸರದಿ. ಎರಡು ದಾರ ತೆಗೆದುಕೊಂಡು ಡಿಶ್ ಬಾಯಿಗೆ ಅಡ್ಡಡ್ಡ, ಕೂಡಿಸುವ ಗುರುತಿನ ಹಾಗೆ ಬಿಗಿಯಾಗಿ ಕಟ್ಟಿ. ಅಂಚು ಸಮ ಇದ್ದರೆ ದಾರಗಳು ನಡುವೆ ಒಂದನ್ನೊಂದು ಮೆಲ್ಲಗೆ ಮುಟ್ಟುತ್ತವೆ. ನಡುವೆ ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ಒತ್ತಿದರೆ ಡಿಶ್ ತಿರುಚಿಕೊಂಡಿದೆ. ಮೇಲಿನ ದಾರವನ್ನು ಕೆಳಗೆ ಮಾಡಿ ಇನ್ನೊಮ್ಮೆ ನೋಡಿ. ಈ ಸಿಗ್ನಲ್‌ನ ಅಲೆ ಸುಮಾರು 25 ಮಿಲಿಮೀಟರ್ ಉದ್ದ. ಹಾಗಾಗಿ ಕೆಲವೇ ಮಿಲಿಮೀಟರ್ ಸೊಟ್ಟ ಇದ್ದರೂ ನಷ್ಟ ಕಾಣುತ್ತದೆ. ಅಂಗೈಯಗಲದ ತಗ್ಗು ಬಿದ್ದ ಡಿಶ್ ಅನ್ನು ಸುತ್ತಿಗೆಯಿಂದ ಸರಿಮಾಡಲು ಹೋಗಬೇಡಿ, ಬದಲಾಯಿಸಿ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ಚಿಂತೆ ಇಲ್ಲ. ಡಿಶ್ ಈಗ ನಿಂತಿರುವ ಜಾಗಕ್ಕೆ ಹೊಸದೊಂದು ಪೆನ್ಸಿಲ್ ಗೆರೆ ಎಳೆದುಕೊಂಡು ಬಿಚ್ಚಿ, ಉಜ್ಜಿ, ಹೊಳಪಿಲ್ಲದ ಬಣ್ಣ ತೆಳ್ಳಗೆ ಬಳಿಯಿರಿ. ಹೊಳೆಯುವ ಬಣ್ಣ ಬೇಡ, ಬೆಳ್ಳಿ ಕಾಗದ ಅಂಟಿಸುವುದಂತೂ ಬೇಡವೇ ಬೇಡ. ಆಗ ಡಿಶ್ ಬಿಸಿಲನ್ನೂ ಕನ್ನಡಿಯ ಹಾಗೆ ಒಂದೇ ಕಡೆ ಸೇರಿಸಿ ಎಲ್‌ಎನ್‌ಬಿಯನ್ನು ಕರಗಿಸಿಬಿಡಬಹುದು. ಬಣ್ಣ ಒಣಗಿದ ಮೇಲೆ ಆ ಹೊಸ ಗೆರೆಗೆ ಸರಿಯಾಗಿ ಡಿಶ್ ಕೂರಿಸಿ ನಟ್ಟುಗಳಿಗೆ ಗ್ರೀಸ್ ಹಚ್ಚಿ. ದಿಕ್ಕು, ಎತ್ತರ, ಓರೆ ಮತ್ತು ಕ್ವಾಲಿಟಿ ಎಷ್ಟಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ತಳಕ್ಕೆ ಅಂಟಿಸಿ. ಮುಂದಿನ ಸಲ ಚಿತ್ರ ಹೋದಾಗ ಮೊದಲು ಆ ಚೀಟಿ ನೋಡಿ.